ಬಳ್ಳಾರಿ ಕೋಟೆ ಗುಡ್ಡ ಹತ್ತುವವರಿಗೆ

ಬಳ್ಳಾರಿ ಗುಡ್ಡಕ್ಕೆ ದೊಡ್ಡ ಟ್ರೆಕ್ಕಿಂಗ್ ತಯಾರಿ ಏನೂ ಬೇಡ, ಆದರೆ ಇಲ್ಲಿನ ಬಿಸಿಲಿಗೆ ಮಾತ್ರ ಮರ್ಯಾದೆ ಕೊಡಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬಂಡೆ ಕಾದ ಹಂಚು. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಬನ್ನಿ, ಬೆಳಿಗ್ಗೆಯೇ ಹೊರಡಿ. ಹಿಡಿತ ಇರುವ ಶೂ ಹಾಕಿ. ನೀರಿನ ಬಾಟಲಿ ಕೆಳಗೇ ತುಂಬಿಸಿಕೊಳ್ಳಿ.

ಸುಮ್ನೆ ಸೆಲ್ಫಿ ತೆಗೆಯುತ್ತಾ ಓಡಬೇಡಿ, ಗೋಡೆಗಳನ್ನು ನೋಡಿ. ಮೇಲಿನ ಕೋಟೆ ವಿಜಯನಗರದ ಕಾಲದ್ದು, ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಗಿನದನ್ನು 18ನೇ ಶತಮಾನದಲ್ಲಿ ಹೈದರ್ ಅಲಿ ಸೇರಿಸಿದ. ಕೆಲಸ ಮಾಡಿಸಿದ ಫ್ರೆಂಚ್ ಇಂಜಿನಿಯರ್‌ನನ್ನು ಆಮೇಲೆ ನೇಣಿಗೆ ಹಾಕಿಸಿದನಂತೆ, ಯಾಕಂದ್ರೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯಲ್ಲ ಅಂತ ತಡವಾಗಿ ಗೊತ್ತಾಯಿತಂತೆ. ಕಥೆ ನಿಜವೋ ಸುಳ್ಳೋ, ಮೇಲೆ ನಿಂತು ಆ ಕಡೆ ಒಮ್ಮೆ ನೋಡಿ. ಸಿಟ್ಟು ಬರುವ ವಿಷಯವೇ, ಅಲ್ವಾ?

ಬಂಡೆಯ ಸೀಳುಗಳಲ್ಲಿ ಮಳೆನೀರಿನ ಹೊಂಡಗಳಿವೆ. ಇಣುಕಿ ನೋಡಿ ಸಾಕು, ಇಳಿಯಬೇಡಿ, ಅಂಚು ಜಾರುತ್ತದೆ.

ಹೊಟ್ಟೆ ತುಂಬಾ ತಿಂದು ಹತ್ತಿದರೆ ಏದುಸಿರು ಜಾಸ್ತಿ. ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಎಲ್ಲಾ ಇಳಿದ ಮೇಲೆ, ಪೂರ್ವ ಬಾಗಿಲ ಹತ್ತಿರದ ಕೋಟೆ ಆಂಜನೇಯನಿಗೆ ಕೈ ಮುಗಿದು ಬಂದು ತಿನ್ನಿ.