ಮನೆ ಖಾಲಿ ಇದ್ರೂ ಕರೆಂಟ್ ದುಡ್ಡು ಹೋಗುತ್ತೆ, ಲೋಡ್ ಒಮ್ಮೆ ನೋಡಿಕೊಳ್ಳಿ

ಮೈಸೂರಿನ ನಮ್ಮ ಮೇಲ್ಮನೆ ಬಾಡಿಗೆದಾರರಿಲ್ಲದೆ ಎರಡು ತಿಂಗಳು ಬೀಗ ಹಾಕಿತ್ತು. ಯೂನಿಟ್ ಸೊನ್ನೆ, ಆದ್ರೂ ಬಿಲ್ ಬಂತು. ಅದು ನಿಗದಿತ ಶುಲ್ಕ. ಎಷ್ಟು ಉರಿಸಿದಿರಿ ಅನ್ನೋದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಗೆ ಮಂಜೂರಾದ ಲೋಡ್, ಅಂದ್ರೆ ಒಂದೇ ಹೊತ್ತಿಗೆ ಎಳೆಯಬಹುದಾದ ಕರೆಂಟಿನ ಮಿತಿ, ಎಷ್ಟೋ ಅದರ ಮೇಲೆ ಲೆಕ್ಕ.

2025ರ ಏಪ್ರಿಲ್‌ನಿಂದ ಮನೆ ಬಳಕೆಗೆ ಕಿಲೋವ್ಯಾಟ್‌ಗೆ ತಿಂಗಳಿಗೆ 120 ರೂಪಾಯಿ ಇದ್ದದ್ದನ್ನು 145 ಮಾಡಿದರು. ಆ ದರದಲ್ಲಿ 3 ಕಿಲೋವ್ಯಾಟ್ ಅಂದ್ರೆ 435, ಎರಡಾದರೆ 290. ವರ್ಷಕ್ಕೆ 1,740 ರೂಪಾಯಿ ವ್ಯತ್ಯಾಸ! ಕಡಿಮೆಯೇನಲ್ಲ, ಅಲ್ವಾ?

ಹಾಗಾಗಿ ಬಿಲ್ ತೆಗೆದು ಮಂಜೂರಾದ ಲೋಡ್ ನೋಡಿ. ನಿಜಕ್ಕೂ ಜಾಸ್ತಿ ಇದ್ದರೆ ಮೈಸೂರು ಭಾಗಕ್ಕೆ ಕರೆಂಟ್ ಕೊಡುವ ಚೆಸ್ಕಾಂನ ನಿಮ್ಮ ಉಪವಿಭಾಗ ಕಚೇರಿಯಲ್ಲಿ ಇಳಿಸಲು ಅರ್ಜಿ ಕೊಡಿ. ಆದರೆ ದುಡುಕಬೇಡಿ. ಗೀಸರ್ ಒಂದೇ ಸಾಮಾನ್ಯವಾಗಿ 2 ಕಿಲೋವ್ಯಾಟ್ ಎಳೆಯುತ್ತದೆ. ಬೆಳಗ್ಗೆ ಗೀಸರ್, ನೀರಿನ ಮೋಟಾರ್, ಮಿಕ್ಸಿ ಒಟ್ಟಿಗೆ ಓಡುವ ಮನೆಯಲ್ಲಿ ಲೋಡ್ ಇಳಿಸುವುದು ತಪ್ಪು. ಲೋಡ್ ಮೀರಿ ಎಳೆದರೆ ಸ್ಮಾರ್ಟ್ ಮೀಟರ್ ಅದನ್ನೆಲ್ಲ ದಾಖಲಿಸಿಕೊಳ್ಳುತ್ತದೆ.

ಪ್ರಿಪೇಯ್ಡ್ ಮೀಟರ್ ಇರುವವರು ಇನ್ನೊಂದು ಮಾತು ನೆನಪಿಡಿ. ನಿಗದಿತ ಶುಲ್ಕ ಬ್ಯಾಲೆನ್ಸ್‌ನಿಂದಲೇ ಕಟ್ ಆಗುತ್ತದೆ. ಊರಿಗೆ ಹೋಗುವ ಮುಂಚೆ ಸ್ವಲ್ಪ ಜಾಸ್ತಿಯೇ ರೀಚಾರ್ಜ್ ಮಾಡಿ. ಫ್ರಿಡ್ಜ್ ಆನ್ ಇಟ್ಟು ಹೋಗುವವರಂತೂ ಮರೆಯಲೇಬೇಡಿ.

ಸರ್ಕಾರದ ಉಚಿತ ಕರೆಂಟ್ ಯೋಜನೆಯಾದ ಗೃಹಜ್ಯೋತಿಯ ಮನೆಗಳಿಗೆ, ಹಿಂದಿನ ಬಳಕೆ ನೋಡಿ ನಿಗದಿ ಮಾಡಿದ ನಿಮ್ಮ ಯೂನಿಟ್ ಮಿತಿಯೊಳಗಿದ್ದರೆ ಬಿಲ್ ಸೊನ್ನೆ. 200 ಯೂನಿಟ್ ದಾಟಿದ ತಿಂಗಳು ಮಾತ್ರ ನಿಗದಿತ ಶುಲ್ಕವೂ ಸೇರಿ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ 20ನೇ ತಾರೀಖಿನ ಹೊತ್ತಿಗೆ ಒಮ್ಮೆ ಮೀಟರ್ ಓದಿ ನೋಡಿಕೊಳ್ಳಿ.