ಟಿವಿ, ಸ್ಪೀಕರ್ ವೈರ್ ಗೋಡೆಯೊಳಗೆ ಹಾಕಿದ ನನ್ನ ಅನುಭವ

ವಾಲ್ ಪ್ಲೇಟ್, ಅಂದರೆ ಗೋಡೆಯೊಳಗಿನ ವೈರ್ ಹೊರಗೆ ಬರುವ ಜಾಗಕ್ಕೆ ಹಾಕುವ ಮುಚ್ಚಳದ ಪ್ಲೇಟ್, ಅಂದ ತಕ್ಷಣ ಎಲ್ಲರೂ ಬಣ್ಣ ಯಾವುದು, ಕಂಪನಿ ಯಾವುದು ಅಂತ ಶುರು ಮಾಡುತ್ತಾರೆ. ಅದು ಕೊನೆಗೆ ನೋಡಿದರಾಯ್ತು. ಮೊದಲು ಪ್ಲೇಟಿನ ಹಿಂದೆ ಗೋಡೆಯೊಳಗೆ ಕೂರುವ ಪೈಪ್ ಮತ್ತು ಬಾಕ್ಸ್ ಸರಿ ಇರಬೇಕು.

ಚಿಕ್ಕಮಗಳೂರಿನ ನಮ್ಮ ಮನೆಯದು ಇಟ್ಟಿಗೆ ಗೋಡೆ. ಅಮೆರಿಕದವರ ವಿಡಿಯೋದಲ್ಲಿ ತೋರಿಸುವ ಹಾಗೆ ಟೊಳ್ಳು ಜಿಪ್ಸಮ್ ಗೋಡೆಯನ್ನು ಕೊಯ್ದು ಪ್ಲೇಟ್ ಸಿಕ್ಕಿಸುವುದು ಇಲ್ಲಿ ನಡೆಯಲ್ಲ, ಕಟರ್ ಹಿಡಿದು ಗ್ರೂವ್ (ಪೈಪ್ ಕೂರುವ ಕಾಲುವೆ) ಹೊಡೆದು ಮನೆಯೆಲ್ಲಾ ಕೆಂಪು ಧೂಳು ಮಾಡಿಕೊಳ್ಳಲೇಬೇಕು. ಜೊತೆಗಿದ್ದ ಎಲೆಕ್ಟ್ರಿಷಿಯನ್ "ಮುಕ್ಕಾಲಿಂಚು ಪೈಪ್ ಸಾಕು ಸಾರ್" ಅಂದರು. ನಾನು ಟಿವಿಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನ ತಲೆ ತೋರಿಸಿದೆ. ಅದೇ ಸುಮಾರು 20 ಮಿ.ಮೀ. ಅಗಲ! ನಗುತ್ತಾ ಹೋಗಿ ಒಂದೂವರೆ ಇಂಚಿನ ಪಿವಿಸಿ ಪೈಪ್ ತಂದರು. ಟಿವಿಯಿಂದ ಕೆಳಗಿನ ಸ್ಟ್ಯಾಂಡಿಗೆ ನೇರ ಇಳಿಸಿದೆವು. ಗೋಡೆ 9 ಇಂಚಿನದು, ಹಾಗಾಗಿ ಆಯಿತು. ನಾಲ್ಕೂವರೆ ಇಂಚಿನ ಗೋಡೆಯನ್ನು ಇಷ್ಟು ಆಳ ಕೊರೆಯಬೇಡಿ.

ಎಚ್‌ಡಿಎಂಐಗೆ ಸಾಕೆಟ್ ಇರುವ ಪ್ಲೇಟ್ ಸಿಗುತ್ತೆ, ನಾನು ಹಾಕಲಿಲ್ಲ. ಸಾಕೆಟ್ಟಿನ ಹಿಂದೆ ಕೇಬಲ್ ತಲೆ ನೆಟ್ಟಗೆ ಚಾಚಿಕೊಂಡಿರುತ್ತೆ, ಸುಮಾರು 2 ಇಂಚು ಆಳದ ಬಾಕ್ಸಿನಲ್ಲಿ ಕೇಬಲ್ ಮುರಿದ ಹಾಗೆ ಬಾಗುತ್ತೆ. ಮೇಲಾಗಿ 4ಕೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಬದಲಾಗುವ ತುಂಬಾ ಸ್ಪಷ್ಟ ಚಿತ್ರ ಬೇಕಾದರೆ ಕೇಬಲ್ಲಿನಲ್ಲಿ ಸೆಕೆಂಡಿಗೆ 18 ಗಿಗಾಬಿಟ್ ತನಕ ಡೇಟಾ ಹೋಗಬೇಕು, ಒಂದೊಂದು ಜಾಯಿಂಟಿಗೂ ಸಿಗ್ನಲ್ ಇಳಿಯುತ್ತೆ. ಸುಮ್ನೆ ಯಾಕೆ ಅಲ್ವಾ? ಬ್ರಷ್ ಇರುವ ತೂತಿನ ಪ್ಲೇಟ್ ಹಾಕಿ ಒಂದೇ ಕೇಬಲ್ ಎಳೆದೆ. ಸ್ಪೀಕರ್, ಡಿಶ್, ಲ್ಯಾನ್ ಕೇಬಲ್ಲಿಗೆ ಮಾತ್ರ ಸಾಕೆಟ್. ಕರೆಂಟ್ ವೈರಿಗೆ ಪೈಪೂ ಬೇರೆ, ಬಾಕ್ಸೂ ಬೇರೆ.

ಸ್ಪೀಕರ್ ವೈರಿಗೆ ಮುಕ್ಕಾಲಿಂಚಿನ ಪೈಪೇ ಸಾಕಾಯಿತು. ಗ್ರೂವ್ ಮುಚ್ಚುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಆಂಪ್ಲಿಫೈಯರ್ ಕಡೆಯ ತುದಿ ಬಿಚ್ಚಿಟ್ಟು, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಆ ವೈರಿಗೆ ಒಂದು ಕ್ಷಣ ಮುಟ್ಟಿಸಿ, ಪ್ಲಸ್‌ಗೆ ಪ್ಲಸ್. 'ಟಪ್' ಅಂತ ಸದ್ದಾಗಿ ಸ್ಪೀಕರಿನ ಕೋನ್ (ಮುಂದೆ ಅದುರುವ ದುಂಡನೆಯ ಪರದೆ) ಮುಂದಕ್ಕೆ ಬಂದರೆ ಸರಿ. ಒಳಕ್ಕೆ ಹೋದರೆ ವೈರ್ ಅದಲುಬದಲಾಗಿದೆ. ಒಂದು ಸ್ಪೀಕರ್ ಹೀಗೆ ಉಲ್ಟಾ ಇದ್ದರೂ ಬೇಸ್ (ದಪ್ಪ ಸದ್ದು) ಕಳೆದುಹೋಗುತ್ತೆ, ಜನ ಸ್ಪೀಕರನ್ನೇ ಬೈಯುತ್ತಾರೆ.

ಗ್ರೂವ್ ಮೇಲೆ ಚಿಕನ್ ಮೆಶ್ (ತೆಳು ತಂತಿ ಬಲೆ) ಹೊಡೆದು ಗಾರೆ ಹಾಕಿಸಿ, ಇಲ್ಲದಿದ್ದರೆ ಪೈಪಿನ ಗುಂಟ ಬಿರುಕು ಗ್ಯಾರಂಟಿ. ನಮ್ಮ ಕಡೆ ಮಳೆಗಾಲದಲ್ಲಿ ಗಾರೆ ಒಣಗೋದು ನಿಧಾನ. ಹಸಿ ಇರುವಾಗಲೇ ಪ್ಲೇಟ್ ಕೂರಿಸಿದರೆ ತೇವಕ್ಕೆ ಹಿಂದಿನ ತಾಮ್ರವೆಲ್ಲ ಹಸಿರುಗಟ್ಟುತ್ತೆ. ಅವಸರ ಮಾಡದೆ, ಗಾರೆ ಪೂರ್ತಿ ಬಿಳಿಚಿಕೊಂಡ ಮೇಲೇ ಸ್ಕ್ರೂ ಬಿಗಿಯಿರಿ.