ಅಬ್ಬಲಿಗೆಗೆ ಐದು ಕಂಬ

ಕ್ರೋಶಾ, ಅಂದರೆ ಕೊಕ್ಕೆಕಡ್ಡಿಯ ಹೆಣಿಗೆ, ಕಲಿಸುವ ವಿಡಿಯೊಗಳಲ್ಲಿ ವಸಂತ ಎಂದರೆ ಟ್ಯುಲಿಪ್ಪು, ಡ್ಯಾಫೊಡಿಲ್ಲು, ಮೆತ್ತನೆಯ ಉಲ್ಲನ್ ಉಂಡೆ. ನೋಡಲು ಚೆಂದ, ನಾನೂ ಬೇಕಾದಷ್ಟು ನೋಡಿದ್ದೇನೆ. ಆದರೆ ಕಾರವಾರದಲ್ಲಿ ಫಾಲ್ಗುಣ ಮಾಸದ ಹನ್ನೊಂದು ಗಂಟೆಯ ಸೆಕೆಗೆ ಉಲ್ಲನ್ ಹಿಡಿದು ಕುಳಿತರೆ ಬೆರಳು ಬೆವರಿ, ದಾರ ಕಡ್ಡಿಯ ಮೇಲೆ ಜಾರುವುದೇ ಇಲ್ಲ. ಪಂಚಾಂಗದಲ್ಲಿ ವಸಂತ ಋತು ಚೈತ್ರ, ವೈಶಾಖ. ನಮ್ಮ ಕಡೆಯ ಮರಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಶಿವರಾತ್ರಿಯ ಆಸುಪಾಸಿಗೇ ಬೂರುಗ ಕೆಂಪಾಗಿರುತ್ತದೆ, ಗೇರುಗುಡ್ಡದ ಪಕ್ಕ ಹಾದರೆ ಹೂವಿನ ವಾಸನೆ ಮುಖಕ್ಕೆ ಬಡಿಯುತ್ತದೆ, ಕುಟ್ರಹಕ್ಕಿ ಬೆಳಿಗ್ಗೆ ಶುರು ಮಾಡಿದ್ದನ್ನು ಸಂಜೆಯವರೆಗೂ ನಿಲ್ಲಿಸುವುದಿಲ್ಲ. ಈ ಹೂಗಳನ್ನು ಬಿಟ್ಟು ಟ್ಯುಲಿಪ್ ಹಾಕುತ್ತ ಕೂರಲು ನನಗೆ ಮನಸ್ಸಾಗಲಿಲ್ಲ. ಕ್ರೋಶಾ ಕಲಿಯುವುದಾದರೆ ನಮ್ಮೂರ ವಸಂತವನ್ನೇ ಹಾಕಬೇಕು, ಅದೂ ಹತ್ತಿ ದಾರದಲ್ಲಿ ಎಂದು ಶುರು ಮಾಡಿದೆ.

ಕಲಿಸಿದವರು ನಮ್ಮ ಓಣಿಯ ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಮನೆಮಾತು ಕೊಂಕಣಿ. ಅವರ ಮನೆಯಲ್ಲಿ ಟೀಪಾಯಿಯಿಂದ ದೇವರ ಪೀಠದವರೆಗೆ ಎಲ್ಲದರ ಮೇಲೂ ಅವರೇ ಹಾಕಿದ ಬಿಳಿ ರುಮಾಲು. ಬೆಳಗಿನ ಹೊತ್ತು ಗುಡ್ಡದ ಕಡೆಯಿಂದ ಸಮುದ್ರಕ್ಕೆ ಬೀಸುವ ಗಾಳಿ ತಂಪಾಗಿರುತ್ತದಲ್ಲ, ಆಗ ಅವರ ಜಗಲಿಯ ಮೇಲೆ ಕೂರುತ್ತಿದ್ದೆವು. ಮಧ್ಯಾಹ್ನ ಗಾಳಿ ತಿರುಗಿ ಸಮುದ್ರದಿಂದ ಬರತೊಡಗಿದರೆ ಕೈಯೆಲ್ಲ ಅಂಟಂಟು. ಅಷ್ಟರೊಳಗೆ ಎದ್ದುಬಿಡುವುದು.

ಮೊದಲಿಗೆ ಅವರು ಹೂವಿನ ಸುದ್ದಿಯನ್ನೇ ಎತ್ತಗೊಡಲಿಲ್ಲ. ಬರೀ ಚೈನ್. ಗಂಟು ಹಾಕಿ, ಕೊಕ್ಕೆಯಿಂದ ದಾರ ಎಳೆದು, ಸರಪಳಿ ಉದ್ದ ಮಾಡುತ್ತ ಹೋಗುವುದು, ಬಿಚ್ಚುವುದು, ಮತ್ತೆ ಹಾಕುವುದು. ಹೊಸಬರ ಕೈ ದಾರವನ್ನು ಬಿಗಿಯಾಗಿ ಎಳೆಯುತ್ತದೆ. ಹಾಗೆ ಬಿಗಿದ ಚೈನಿನ ತೂತಿಗೆ ಮುಂದಿನ ಸಾಲಿನಲ್ಲಿ ಕಡ್ಡಿ ಹೋಗುವುದೇ ಇಲ್ಲ. ಅಕ್ಕೋರು ಹೇಳುತ್ತಿದ್ದುದು ಇಷ್ಟೇ: "ತಂಗಿ, ದಾರ ಎಳೂದಲ್ಲ, ಬಿಡೂದು ಕಲೀಬೇಕು. ಬಿಚ್ಚೂಕೆ ಹೆದರೂದು ಬ್ಯಾಡ, ದಾರ ಎಲ್ಲೂ ಹೋಗೂದಿಲ್ಲ, ಅಲ್ಲೇ ಅದೆ." ಎಡಗೈ ತೋರುಬೆರಳಿಗೆ ದಾರ ಒಂದು ಸುತ್ತು, ಕಿರುಬೆರಳಿಗೆ ಇನ್ನೊಂದು ಸುತ್ತು. ಕಿರುಬೆರಳನ್ನು ಸಡಿಲಿಸಿದರೆ ದಾರ ಬರುತ್ತದೆ, ಮಡಚಿದರೆ ನಿಲ್ಲುತ್ತದೆ. ಇಡೀ ಕೆಲಸದ ಹದ ಆ ಕಿರುಬೆರಳಿನಲ್ಲಿದೆ, ಬಲಗೈಯ ಕಡ್ಡಿಯಲ್ಲಲ್ಲ. ಇದು ನನಗೆ ಯಾವ ವಿಡಿಯೊದಲ್ಲೂ ಸಿಕ್ಕಿರಲಿಲ್ಲ. ಕಡ್ಡಿಯನ್ನು ಪೆನ್ನಿನಂತೆ ಹಿಡಿಯುವವರಿದ್ದಾರೆ, ಚೂರಿಯಂತೆ ಮುಷ್ಟಿಯಲ್ಲಿ ಹಿಡಿಯುವವರೂ ಇದ್ದಾರೆ. ಯಾವುದಾದರೂ ಆದೀತು, ಮಣಿಕಟ್ಟು ನೋಯದಿದ್ದರೆ ಸೈ.

ಹೆಣಿಗೆಗಳನ್ನು ಅವುಗಳ ಎತ್ತರ ನೋಡಿ ಅಕ್ಕೋರು ಕರೆಯುತ್ತಿದ್ದುದು ಗಿಡ್ಡ ಕಂಬ, ಅರ್ಧ ಕಂಬ, ಕಂಬ, ಉದ್ದ ಕಂಬ ಎಂದು. ನಾನೂ ಹಾಗೇ ಬರೆಯುತ್ತೇನೆ. ವಿಡಿಯೊ ನೋಡಿ ಕಲಿಯುವವರು ಒಂದು ವಿಷಯ ಗಮನದಲ್ಲಿಟ್ಟುಕೊಳ್ಳಬೇಕು. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದಕ್ಕೆ ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಹಳೆಯ ಬ್ರಿಟಿಷ್ ಪುಸ್ತಕದ ಮಾದರಿಯನ್ನು ಅಮೆರಿಕದ ವಿಡಿಯೊದ ಲೆಕ್ಕದಲ್ಲಿ ಹಾಕಿದರೆ ರುಮಾಲಿನ ಅಳತೆಯೇ ಕೆಟ್ಟುಹೋಗುತ್ತದೆ. ನನ್ನ ಗಿಡ್ಡ ಕಂಬ ಅಮೆರಿಕದ ಸಿಂಗಲ್, ಕಂಬ ಎಂದರೆ ಅವರ ಡಬಲ್.

ಚೈನ್ ಕೈಗೆ ಕೂತ ಮೇಲೆ ವೃತ್ತ. ಸಪಾಟಾದ ವೃತ್ತಕ್ಕೆ ಒಂದು ಗಟ್ಟಿ ಲೆಕ್ಕವಿದೆ. ಕಂಬದಲ್ಲಾದರೆ ಮೊದಲ ಸುತ್ತು 12, ಆಮೇಲೆ ಪ್ರತಿ ಸುತ್ತಿಗೂ 12 ಹೆಚ್ಚು: 24, 36, 48. ಗಿಡ್ಡ ಕಂಬದಲ್ಲಾದರೆ 6ರಿಂದ ಶುರು, ಪ್ರತಿ ಸುತ್ತಿಗೂ 6 ಹೆಚ್ಚು. ಕಡಿಮೆ ಹಾಕಿದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ, ಜಾಸ್ತಿ ಹಾಕಿದರೆ ನೆರಿಗೆ ಬೀಳುತ್ತದೆ. ಈ ನೆರಿಗೆಯೂ ಒಂದು ಗಣಿತವೇ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಹೀಗೆಯೇ ಸುತ್ತಿಂದ ಸುತ್ತಿಗೆ ಹೆಣಿಗೆ ಹೆಚ್ಚಿಸುತ್ತ ಹೋಗಿ, ಹೈಪರ್ಬೋಲಿಕ್ ಜ್ಯಾಮಿತಿ ಎಂಬ ಕಠಿಣ ವಿಷಯವನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ಕ್ರೋಶಾ ತುಂಡಾಗಿ ಮಾಡಿದರು. ಅದನ್ನು ತಿಳಿದ ದಿನ ನನಗೆ ಬಹಳ ಖುಷಿಯಾಯಿತು. ಹೂವಿನ ದಳ ಹಿಂದಕ್ಕೆ ಬಾಗುವುದು, ಅಂಚು ಅಲೆಯಾಗುವುದು ಎಲ್ಲವೂ ಎಣಿಕೆಯ ಮಾತು ಎಂದಾದರೆ, ನಮ್ಮ ಹೂಗಳನ್ನೂ ಎಣಿಸಿ ಹಾಕಬಹುದು.

ಮೊದಲು ಹಿಡಿದದ್ದು ಅಬ್ಬಲಿಗೆ. ಮನೆಯೆದುರಿನ ಕುಂಡದಲ್ಲೇ ಇತ್ತು, ದಿನಾ ಕೊಯ್ಯುವ ಹೂವು. ಆದರೂ ಒಂದನ್ನು ಕಿತ್ತು ಅಂಗೈ ಮೇಲಿಟ್ಟು ನೋಡಿದ್ದು ಆಗಲೇ. ಅದು ಸುತ್ತಲೂ ದಳವಿರುವ ಹೂವಲ್ಲ. ಕೆಳಗೆ ಸಪೂರ ಕೊಳವೆ, ಮೇಲೆ ಒಂದೇ ಪಕ್ಕಕ್ಕೆ ಬೀಸಣಿಗೆಯಂತೆ ಹರಡಿದ ಐದು ಸೀಳು. ಕ್ರೋಶಾದಲ್ಲಿ ಒಂದೇ ತೂತಿಗೆ ಐದು ಕಂಬ ಹಾಕಿದರೆ ಬರುವ ಚಿಪ್ಪಿನ ಹೆಣಿಗೆ ಇದೆಯಲ್ಲ, ಅದರ ಆಕಾರ ಇದೇ! ಹತ್ತು ಚೈನ್ ಹಾಕಿ, ಕಡ್ಡಿಯಿಂದ ನಾಲ್ಕನೆಯ ಚೈನಿಗೆ ನಾಲ್ಕು ಕಂಬ. ಬಿಟ್ಟ ಮೂರು ಚೈನ್ ಒಂದು ಕಂಬದ ಲೆಕ್ಕ, ಒಟ್ಟು ಐದಾಯಿತು. ಮತ್ತೆ ಮೂರು ಚೈನಿನಲ್ಲಿ ಕೆಳಗಿಳಿದು ಅದೇ ತೂತಿಗೆ ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ, ಬರೀ ಜೋಡಿಸುವ ಹೆಣಿಗೆ), ಉಳಿದ ಆರು ಚೈನಿನ ಮೇಲೆ ಸ್ಲಿಪ್ ಸ್ಟಿಚ್ಚಿನಲ್ಲೇ ವಾಪಸು ಬಂದರೆ ಕೊಳವೆಯೂ ಆಯಿತು. ಕೇಸರಿ ಬಣ್ಣದ ದಾರದಲ್ಲಿ ಇಂಥ ಹೂಗಳನ್ನು ಮಾಡಿಟ್ಟುಕೊಂಡು, ಬಾಳೆನಾರಿನಲ್ಲಿ ದಂಡೆ ಕಟ್ಟುವ ಹಾಗೆ ಹಸಿರು ಚೈನಿನಲ್ಲಿ ಒತ್ತೊತ್ತಾಗಿ ಸೇರಿಸಿದೆ. ಅಕ್ಕೋರು ಅದನ್ನು ತಗೊಂಡು ತಮ್ಮ ತುರುಬಿನ ಹತ್ತಿರ ಹಿಡಿದು ಕನ್ನಡಿ ನೋಡಿಕೊಂಡರು. ನನಗೆ ಅದಕ್ಕಿಂತ ದೊಡ್ಡ ಶಾಬಾಸ್ ಬೇಕಿರಲಿಲ್ಲ.

ಆ ಮೇಲೆ ಎಲ್ಲಿ ಹೋದರೂ ಹೂವಿನ ದಳ ಎಣಿಸುವ ಅಭ್ಯಾಸವಾಯಿತು. ತವರು ಶಿರಸಿ ಕಡೆ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗ ಎಲೆಯೇ ಇಲ್ಲದ ಬೂರುಗದ ಮರದಲ್ಲಿ ಹೂ ತುಂಬಿ, ಮೈನಾ, ಪಿಕಳಾರಗಳೆಲ್ಲ ಅದರ ಮೇಲೆಯೇ ಇರುತ್ತವೆ. ಹೂ ಬೀಳುವಾಗ ಧಪ್ ಎಂದು ಸದ್ದಾಗುತ್ತದೆ, ಅಷ್ಟು ತೂಕ. ಬಿದ್ದದ್ದನ್ನು ಆರಿಸಿ ತಂದು ನೋಡಿದರೆ ದಪ್ಪ ಚರ್ಮದಂಥ ಐದು ದಳ, ನಡುವೆ ಗೊಂಚಲು ಗೊಂಚಲು ಕೇಸರ. ಐದು ದಳಕ್ಕೆ 12ರ ಸುತ್ತು ಹೊಂದುವುದಿಲ್ಲ. ಹಾಗಾಗಿ ಬೂರುಗಕ್ಕೆ ರಿಂಗಿನಲ್ಲಿ, ಅಂದರೆ ನಡುವಿನ ದಾರದ ಉಂಗುರದಲ್ಲಿ, ಗಿಡ್ಡ ಕಂಬ 10. ದಳವನ್ನು ಒಂಟಿ ದಾರದಲ್ಲಿ ಹಾಕಿದರೆ ಅದು ಬೂರುಗವಾಗುವುದಿಲ್ಲ, ಜೋಲುಬೀಳುತ್ತದೆ. ಎರಡೆಳೆ ಸೇರಿಸಿ, ದಪ್ಪ ಕಡ್ಡಿಯಲ್ಲಿ ಬಿಗಿಯಾಗಿ ಹಾಕಬೇಕು. ಬಿಗಿ ಹೆಣಿಗೆ ಬೇಕಾಗುವ ಜಾಗವೂ ಒಂದಿದೆ ಎಂದು ಗೊತ್ತಾದದ್ದು ಈ ಹೂವಿನಿಂದ. ಮುತ್ತುಗ ನಮ್ಮ ಕರಾವಳಿಗಿಂತ ಮುಂಡಗೋಡ, ಹಳಿಯಾಳದ ಕಡೆ ಜಾಸ್ತಿ. ಅದರ ಗಿಳಿಕೊಕ್ಕಿನ ಹೂವನ್ನು ಕ್ರೋಶಾದಲ್ಲಿ ತರುವ ದಾರಿ ನನಗಿನ್ನೂ ಹೊಳೆದಿಲ್ಲ.

ಸುರಗಿ ಮಾತ್ರ ಆಯಿಯ ಒತ್ತಾಯ. ತವರಿನ ತೋಟದ ತಲೆಕಟ್ಟಿನಲ್ಲಿ ಹಳೆಯ ಸುರಗಿ ಮರವಿದೆ. ಅದರ ಹೂ ಬಿಡುವುದು ಎಳೆ ಚಿಗುರಿನಲ್ಲಲ್ಲ, ಬಲಿತ ಕೊಂಬೆಗಳಿಗೇ ಅಂಟಿಕೊಂಡು. ಬೆಳಗಾಗುವ ಮೊದಲೇ ಕೊಯ್ಯಬೇಕು, ಹೊತ್ತೇರಿದರೆ ಮರದ ತುಂಬ ಜೇನು. ಒಣಗಿದ ಮೇಲೂ ಪರಿಮಳ ಹೋಗದ ಹೂವದು. ಸೀರೆ ಪೆಟ್ಟಿಗೆಯಲ್ಲಿ ಹಾಕಿಟ್ಟ ಸರ ಮುಂದಿನ ವರ್ಷವೂ ಘಮ್ಮೆನ್ನುತ್ತದೆ. "ಅಷ್ಟೆಲ್ಲ ಹೂ ಮಾಡಿದ್ದೆ, ಸುರಗಿ ಒಂದು ಬಿಟ್ಯಲೆ ಕೂಸೆ" ಎಂದಳು ಆಯಿ. ಬಿಳಿಯ ನಾಲ್ಕು ದಳ, ನಡುವೆ ಹಳದಿ ಕೇಸರದ ಗುಪ್ಪೆ. ಹಳದಿ ದಾರದಲ್ಲಿ ರಿಂಗಿನೊಳಗೆ ಎಂಟು ಗಿಡ್ಡ ಕಂಬ. ಪ್ರತಿ ಕಂಬದ ತಲೆಯ ಮೇಲೆ ಎರಡು ಎಳೆ ಇರುತ್ತದಲ್ಲ, ಮುಂದಿನ ಎಳೆಗೆ ಐದೈದು ಚೈನಿನ ಕುಣಿಕೆ ಎರಡೆರಡು ಹಾಕಿದರೆ ಕೇಸರ. ಹಿಂದಿನ ಎಳೆಗೆ ಬಿಳಿ ದಾರ ಜೋಡಿಸಿ, ಎರಡು ತೂತಿಗೆ ಒಂದು ದಳ: ಮೊದಲನೆಯದರಲ್ಲಿ ಮೂರು ಚೈನ್ ಮತ್ತು ಮೂರು ಕಂಬ, ಎರಡನೆಯದರಲ್ಲಿ ಮೂರು ಕಂಬ, ಮತ್ತೆ ಮೂರು ಚೈನ್ ಇಳಿದು ಸ್ಲಿಪ್ ಸ್ಟಿಚ್. ಆಯಿ ಅದನ್ನು ನಿಜದ ಸುರಗಿ ಸರದ ಜೊತೆಗೇ ಪೆಟ್ಟಿಗೆಯಲ್ಲಿಟ್ಟಳು. ಹತ್ತಿ ದಾರ ಪರಿಮಳವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಬಣ್ಣ ಆರಿಸಲು ಮಾತ್ರ ನಾನು ಹೂ ನೋಡಲಿಲ್ಲ, ಸುಗ್ಗಿ ನೋಡಿದೆ. ಹೋಳಿ ಹುಣ್ಣಿಮೆ ಸಮೀಪಿಸಿದಂತೆ ಅಂಕೋಲೆ, ಕುಮಟೆಯ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ ಮನೆಮನೆಗೆ ಬರುತ್ತದೆ. ತಲೆಯ ಮೇಲಿನ ತುರಾಯಿಯಲ್ಲಿ ಕೆಂಪು, ಹಳದಿ, ಬಿಳಿ, ಹಸಿರು ಒಂದರ ಪಕ್ಕ ಒಂದು ನಾಚಿಕೆಯಿಲ್ಲದೆ ನಿಂತಿರುತ್ತವೆ. ತಿಳಿ ಗುಲಾಬಿ, ಮಾಸಲು ನೀಲಿ ಎಂದು ವಿಡಿಯೊಗಳು ಹೇಳಿಕೊಡುವ ಹೊಂದಾಣಿಕೆ ಆ ಕುಣಿತದ ಎದುರು ಸಪ್ಪೆಯಾಯಿತು. ನಮ್ಮ ಬಿಸಿಲಿಗೆ ಗಾಢ ಬಣ್ಣವೇ ಸರಿ. ಆದರೆ ಕೆಂಪು ದಾರವನ್ನು ಬಿಳಿಯ ಜೊತೆ ಹಾಕುವ ಮುಂಚೆ ಒಂದು ಗೇಣು ಕತ್ತರಿಸಿ, ನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಬಣ್ಣ ಬಿಡುತ್ತದೆಯೋ ನೋಡಲೇಬೇಕು.

ದಾರದ ಬಗ್ಗೆ ಕೇಳುವವರಿಗೆ: ನಾನು ಬಳಸುವುದು ನಾಲ್ಕೆಳೆಯ ಹತ್ತಿ ದಾರ, 2.5 ಮಿ.ಮೀ. ಅಲ್ಯುಮಿನಿಯಂ ಕಡ್ಡಿ. ಅಕ್ಕೋರ ರುಮಾಲಿನಂಥ ನವಿರು ಕೆಲಸಕ್ಕೆ 20, 40 ನಂಬರಿನ ದಾರ ಬೇಕು. ನಂಬರು ಹೆಚ್ಚಿದಷ್ಟೂ ದಾರ ಸಪೂರ. ಅದಕ್ಕೆ ಬೇಕಾಗುವ ಸಣ್ಣ ಉಕ್ಕಿನ ಕಡ್ಡಿ ನಮ್ಮ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಕೂಡಲೇ ಬೆವರು ಒರೆಸಿ ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಡಬೇಕು. ಸೀರೆಗೆ ಕ್ರೋಶಾ ಕುಚ್ಚು ಹಾಕುವವರು ರೇಷ್ಮೆ ದಾರ ಬಳಸುತ್ತಾರೆ. ಶಿರಸಿಯಲ್ಲೂ ಕಾರವಾರದಲ್ಲೂ ಎಷ್ಟೋ ಹೆಣ್ಣುಮಕ್ಕಳು ಅದರಿಂದ ಸಂಪಾದಿಸುತ್ತಿದ್ದಾರೆ. ಆಂಧ್ರದ ನರಸಾಪುರದಲ್ಲಂತೂ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಇಂದಿಗೂ ಊರೂರಿನ ಕಸುಬು. ಅಸಲಿ ಕ್ರೋಶಾ ಹಾಕುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ, ಎಲ್ಲಿ ಕ್ರೋಶಾ ಇದೆಯೋ ಅಲ್ಲಿ ಯಾರದೋ ಕೈ ಇದೆ. ಕುಚ್ಚಿನ ಕೂಲಿಗೆ ಚೌಕಾಸಿ ಮಾಡುವವರು ಇದನ್ನು ನೆನಪಿಡಬೇಕು ಎಂದು ನನ್ನ ಕಳಕಳಿ.

ಯುಗಾದಿಗೆ ತೋರಣ ಹಾಕಿದೆ. ಚಿತ್ರಗಳಲ್ಲಿ ಕಾಣುವ ಕ್ರೋಶಾ ಮಾವಿನೆಲೆ ಎಲ್ಲ ಒಂದೇ ಹಸಿರು. ಆದರೆ ಆ ಹೊತ್ತಿಗೆ ಮಾವಿನ ಮರ ನೋಡಿ, ಎಳೆ ಚಿಗುರು ತಾಮ್ರದ ಬಣ್ಣದಲ್ಲಿರುತ್ತದೆ. ಅದು ಬಲಿಯುತ್ತ ತಿಳಿಹಸಿರಾಗಿ ಆಮೇಲೆ ಕಡುಹಸಿರು. ಹಾಗಾಗಿ ಮೂರು ಬಣ್ಣ ತಂದೆ. ಎಲೆಗೆ 17 ಚೈನ್. ಎರಡನೆಯ ಚೈನಿನಿಂದ ಶುರು ಮಾಡಿ ಒಂದು ಸ್ಲಿಪ್ ಸ್ಟಿಚ್, ಎರಡು ಗಿಡ್ಡ ಕಂಬ, ಎರಡು ಅರ್ಧ ಕಂಬ, ಆರು ಕಂಬ, ಎರಡು ಅರ್ಧ ಕಂಬ, ಎರಡು ಗಿಡ್ಡ ಕಂಬ, ಒಂದು ಸ್ಲಿಪ್ ಸ್ಟಿಚ್. ತುದಿಗೆ ಎರಡು ಚೈನ್ ಹಾಕಿದರೆ ಎಲೆಯ ಚೂಪು ಬರುತ್ತದೆ. ಅದೇ ಚೈನಿನ ಇನ್ನೊಂದು ಮಗ್ಗುಲಲ್ಲಿ ಅದೇ ಲೆಕ್ಕ ಹಾಕುತ್ತ ತೊಟ್ಟಿಗೆ ವಾಪಸು. ನಡುವಿನ ಚೈನ್ ತಾನಾಗಿಯೇ ನರದಂತೆ ಕಾಣುತ್ತದೆ. ಎರಡೆಲೆಗೊಂದು ಅಬ್ಬಲಿಗೆ. ಬಾಗಿಲಿಗೆ ನಿಜವಾದ ಮಾವಿನೆಲೆಯನ್ನೂ ಕಟ್ಟಿದೆ, ಅದರ ಕೆಳಗೆ ಇದು.

ತೋರಣ ನೆಟ್ಟಗೆ ನಿಲ್ಲಲು ಗಂಜಿ ಹಾಕಬೇಕು. ನಮ್ಮಲ್ಲಿ ದಿನಾ ಸಿಗುವುದು ಕುಚ್ಚಲಕ್ಕಿ ಗಂಜಿತಿಳಿ. ಅದು ಬಿಳಿ ದಾರಕ್ಕೆ ಕಂದು ಛಾಯೆ ಕೊಡುತ್ತದೆ. ಬೆಳ್ತಿಗೆ ಅಕ್ಕಿಯ ತಿಳಿಯೋ, ಸಾಬುದಾಣಿ ಕಾಸಿದ ನೀರೋ ಆಗಬೇಕು. ಅದ್ದಿ, ಹಿಂಡದೆ ಒತ್ತಿ, ಎಲೆಗಳನ್ನು ಹಲಗೆಯ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿ ನೆರಳಲ್ಲಿ ಒಣಗಿಸುವುದು. ಸೂಜಿ ತುಕ್ಕು ಹಿಡಿದಿರಬಾರದು. ಜೂನಿನ ಮಳೆ ಹಿಡಿಯುವ ಮೊದಲು ಗಂಜಿಯನ್ನು ಪೂರ್ತಿ ತೊಳೆದು ತೆಗೆದೇ ತೋರಣವನ್ನು ಒಳಗಿಡಬೇಕು. ಇಲ್ಲದಿದ್ದರೆ ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಬರುತ್ತದೆ, ಜಿರಲೆಯೂ ಬರುತ್ತದೆ.

ಈಗ ಕೈಯಲ್ಲಿರುವುದು ಸೀತಾಳೆ ದಂಡೆ. ಘಟ್ಟದ ಕಾಡಿನಲ್ಲಿ ಮಳೆಗೆ ಮುಂಚೆ ಮರದ ಮೇಲೆ ಜೋತುಬಿದ್ದು ಅರಳುವ ಈ ಹೂವನ್ನು ಕಿತ್ತು ಮುಡಿಯುವುದು ನನಗೆ ಸರಿಕಾಣುವುದಿಲ್ಲ, ಹಾಗಾಗಿ ದಾರದ್ದೇ ಮಾಡಿ ಅಣ್ಣನ ಮಗಳಿಗೆ ಕೊಡಬೇಕೆಂದಿದ್ದೇನೆ. ಪುಟ್ಟ ಬಿಳಿ ಹೂವಿನ ಮೇಲಿನ ನೇರಳೆ ಚುಕ್ಕೆಗೆ ಪ್ರತಿಸಲ ದಾರ ಬದಲಿಸುವ ಬದಲು, ಹೂಗಳನ್ನೆಲ್ಲ ಹಾಕಿ ಮುಗಿಸಿ ಕೊನೆಗೆ ಸೂಜಿಯಿಂದ ಗಂಟುಗಸೂತಿಯಲ್ಲಿ ಚುಕ್ಕೆ ಇಡಿ ಎಂದು ಅಕ್ಕೋರು ಹೇಳಿದ್ದಾರೆ. ನಡುದಂಟಿಗೆ ಮಾತ್ರ ಎರಡೆಳೆ ಹಸಿರು ಬೇಕು, ಒಂದೆಳೆಯಲ್ಲಿ ಹೂವಿನ ಭಾರಕ್ಕೆ ತಿರುಚಿಕೊಳ್ಳುತ್ತಿದೆ.